ಹೆಗಲ ಮೇಲಿದ್ದ ಕೈ

ಚಿಂತಾಕಿಯಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಮರುದಿನವೇ ಕೌಸಲ್ಯಾಬಾಯಿಯ ಬಾಗಿಲಿಗೆ ಬರುತ್ತಿದ್ದರು. ಕೈಯಲ್ಲಿ ಹಳೆಯ ಮದುವೆಯ ಫೋಟೋ ಇರುತ್ತಿತ್ತು. ಹತ್ತು ಜನರ ನಡುವೆ ಹೋದವರ ಮುಖ ಹೆಸರುಕಾಳಿನಷ್ಟು. ಅವಳು ಅದನ್ನು ಮೊಬೈಲಿನಲ್ಲಿ ತೆಗೆದುಕೊಂಡು, ಆ ಒಂದು ಮುಖವನ್ನು ಉಳಿದವರಿಂದ ಬಿಡಿಸಿ, ಮಬ್ಬನ್ನು ತಿಳಿಯಾಗಿಸಿ, ಹಿಂದಿನ ಗೋಡೆಯನ್ನು ನೀಲಿ ಮಾಡಿ ಕೊಡುತ್ತಿದ್ದಳು. ಔರಾದಿನ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಗೋಡೆಗೆ ತೂಗುಹಾಕುತ್ತಿದ್ದರು. ಊರಿನಲ್ಲಿ ಬದುಕಿದ್ದವರು ಫೋಟೋದೊಳಗೆ ಯಾರದಾದರೂ ಪಕ್ಕದಲ್ಲಿ ನಿಂತಿರುತ್ತಿದ್ದರು. ಒಬ್ಬರನ್ನೇ ಕತ್ತರಿಸಿ ಗೋಡೆಗೆ ಹಾಕಿದ್ದಾರೆ ಎಂದರೆ ಅವರು ಇಲ್ಲ ಎಂದೇ. ಆಧಾರ ಕಾರ್ಡಿನದು ಬೇರೆ ಮಾತು, ಅದನ್ನು ಯಾರೂ ಫೋಟೋ ಎಂದುಕೊಂಡಿರಲಿಲ್ಲ.

ಈ ಕೆಲಸಕ್ಕೆ ಅವಳಿಗೆ ಸಿಗುತ್ತಿದ್ದದ್ದು ದಿನಕ್ಕೆ ಅರ್ಧ ಗಂಟೆ. ಅವಳು ಸಾಲಿಯ ಬಿಸಿಯೂಟದ ಅಡುಗೆಯವಳು. ೨೦೧೬ರ ಬೇಸಿಗೆ ಅದು. ಬರ ಬಿದ್ದ ತಾಲ್ಲೂಕೆಂದು ಸೂಟಿಯಲ್ಲೂ ಮಕ್ಕಳಿಗೆ ಊಟ ನಡೆದಿತ್ತು. ಬೆಳಿಗ್ಗೆ ಟ್ಯಾಂಕರಿನ ಮುಂದೆ ಕೊಡದ ಪಾಳಿ, ಆಮೇಲೆ ಸಾಲಿಯ ಒಲೆ, ಮಧ್ಯಾಹ್ನ ಪಾತ್ರೆ. ಕಡೆಯ ಪಾತ್ರೆ ಬೋರಲು ಹಾಕಿದ ಮೇಲೆ ಸಾಲಿಯ ಬೇವಿನ ಮರದ ಕೆಳಗೆ ಕೂತು, ಸೀರೆಯ ಸೆರಗಿನಿಂದ ಮೊಬೈಲಿಗೆ ನೆರಳು ಮಾಡಿಕೊಂಡು ತನ್ನವೇ ಫೋಟೋಗಳನ್ನು ತಿದ್ದುತ್ತಿದ್ದಳು. ಬೀದರಿನ ಹಾಸ್ಟೆಲಿನಲ್ಲಿದ್ದ ಮಗಳು, ಮನೆಯ ಎರಡು ಆಡು, ಸಾಲಿಯ ಮಕ್ಕಳು, ಗೆಳತಿ ರೂತ. ರೂತ ಭಾಲ್ಕಿಯ ಸರ್ಕಾರಿ ದವಾಖಾನೆಯಲ್ಲಿ ನರ್ಸು, ಔರಾದಿನಲ್ಲಿ ಹತ್ತನೆಯವರೆಗೆ ಇವಳ ಪಕ್ಕದಲ್ಲೇ ಕೂತು ಓದಿದವಳು. ಮೊಬೈಲಿನಲ್ಲಿ ಫೋಟೋ ತಿದ್ದುವುದನ್ನು ಕಲಿಸಿಕೊಟ್ಟವಳೂ ಅವಳೇ.

"ಕೌಸಿ, ನನ್ನ ಮೂಗು ಒಂದೀಟು ಸಣ್ಣದು ಮಾಡಿ ಕಳಸು. ಇಲ್ಲಂದ್ರ ಮಾತು ಬಿಡ್ತೇನಿ ನೋಡು," ಎನ್ನುತ್ತಿದ್ದಳು ರೂತ.

"ಮೂಗು ಸಣ್ಣದು ಆದ್ರ ನಿನ್ನ ಗಂಡ ಗುರ್ತು ಹಿಡೀಬೇಕಲ್ಲ!"

ಮೊಬೈಲು ಕೊಡಿಸಿದ್ದು ಗಂಡ ಮಚ್ಛೇಂದ್ರ. ಹೊಲದಲ್ಲಿ ಕೆಲಸವಿಲ್ಲದೆ ಆ ವರ್ಷ ಅರ್ಧ ಊರು ಹೈದರಾಬಾದಿಗೆ, ಪುಣೆಗೆ ಹೋಗಿತ್ತು. ಮಚ್ಛೇಂದ್ರನೂ ಶಿವರಾತ್ರಿ ಮುಗಿಯುತ್ತಲೇ ಓಣಿಯ ಕಾಶೀರಾಮನ ಜೊತೆ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದ. ಪ್ರತಿ ಐತವಾರ ಫೋನು ಮಾಡುತ್ತಿದ್ದ. ಮೇ ತಿಂಗಳಲ್ಲಿ ಒಂದು ಐತವಾರ ಫೋನು ಬರಲಿಲ್ಲ. ಇವಳೇ ಮಾಡಿದರೆ ಬಂದ್ ಆಗಿತ್ತು. ಚಾರ್ಜ್ ಇರಲಿಕ್ಕಿಲ್ಲ ಎಂದುಕೊಂಡಳು.

ಅದಾದ ನಾಲ್ಕನೆಯ ದಿನ ಕಾಶೀರಾಮ ಊರಿಗೆ ಬಂದ. ಇವರ ಬಾಗಿಲಲ್ಲಿ ನಿಂತು ಒಳಗೆ ಇಣುಕಿದ.

"ವೈನಿ, ಅಣ್ಣ ಎಲ್ಲಿ ಹೋಗ್ಯಾನ್ರಿ? ಮನಿಯಾಗ ಇಲ್ಲೇನು?"

ಕೌಸಲ್ಯಾಬಾಯಿಯ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. "ಅವರು ನಿಮ್ಮ ಸಂಗಟ ಇಲ್ಲೇನ್ರಿ?"

"ಒಂಬತ್ತು ದಿನ ಆಯ್ತಲ್ರಿ ವೈನಿ! ಬೀದರ ಬಸ್ಸಿಗಿ ನಾನೇ ಹತ್ತಿಸೀನಿ. ಅವ್ವನ್ನ ನೋಡಿ ಬರ್ತೇನಿ ಅಂದಾ..."

ಒಳಗೆ ಕೂತಿದ್ದ ಅತ್ತೆ ಶೇವಂತಾಬಾಯಿ ಏನಾಯಿತೆಂದು ಕೇಳಿದಳು.

ಮರುದಿನ ಕಾಶೀರಾಮನೊಂದಿಗೆ ಅವಳು ಪೊಲೀಸ್ ಠಾಣೆಗೆ ಹೋದಳು. ಹವಾಲ್ದಾರ ಎಲ್ಲವನ್ನೂ ಬರೆದುಕೊಂಡ. ಆಮೇಲೆ ಫೋಟೋ ಕೇಳಿದ. ಆಧಾರದ ಝೆರಾಕ್ಸಿನಲ್ಲಿ ಮುಖ ಇದ್ದ ಜಾಗ ಮಸಿಯಾಗಿತ್ತು. ಅವಳು ಮೊಬೈಲು ತೋರಿಸಿದಳು.

"ಇದ್ರಾಗ ಮೂರು ಮಂದಿ ಅದಾರಲ್ಲ ಬಾಯಿ. ಯಾರ್ನ ಹುಡುಕ್ಲಿ, ನಿಮ್ಮ ಅತ್ತಿನ್ನ?" ಎಂದವನು ಅವಳ ಮುಖ ನೋಡಿ ದನಿ ತಗ್ಗಿಸಿದ. "ಅವರ ಒಬ್ಬರದೇ ತೆಗದು ಕಳಸ್ರಿ, ಮಾರಿ ದೊಡ್ಡದು ಕಾಣಬೇಕು. ಬಂದ ದಿನಾನೇ ಎಲ್ಲಾ ಠಾಣಿಗಿ ಹಾಕ್ತೇನಿ."

ಎರಡು ನಿಮಿಷದ ಕೆಲಸ. ಊರಿನ ಏಳು ಮನೆಗಳಿಗೆ ಮಾಡಿಕೊಟ್ಟಿದ್ದಳು.

ಆ ಫೋಟೋ ಬೀದರಿನ ಕೋಟೆಯ ಬಾಗಿಲಲ್ಲಿ ಮಗಳು ತೆಗೆದದ್ದು. ಎಡಕ್ಕೆ ಶೇವಂತಾಬಾಯಿ, ನಡುವೆ ಮಚ್ಛೇಂದ್ರ, ಬಲಕ್ಕೆ ಕೌಸಲ್ಯಾಬಾಯಿ. ಮಗಳು ಹೇಳಿದಳೆಂದು ಅವನು ನಾಚಿಕೊಂಡೇ ಹೆಂಡತಿಯ ಹೆಗಲ ಮೇಲೆ ಕೈ ಹಾಕಿದ್ದ. ಆ ಕೈಯ ಮಣಿಕಟ್ಟಿನ ಮೇಲೆ ಹುಡುಗನಿದ್ದಾಗ ಹಾಕಿಸಿಕೊಂಡ ಅರಳಿ ಎಲೆಯ ಹಚ್ಚೆ ಇತ್ತು. ಅವನದೆಂದು ಮೊಬೈಲಿನಲ್ಲಿ ಇದ್ದದ್ದು ಇದೊಂದೇ. ಉಳಿದವುಗಳಲ್ಲಿ ಅವನು ಬೆನ್ನು ತಿರುಗಿಸಿರುತ್ತಿದ್ದ, ಇಲ್ಲವೇ ಅಲುಗಿರುತ್ತಿದ್ದ.

ಮೊದಲನೆಯ ದಿನ ಬೇವಿನ ಕೆಳಗೆ ಕೂತು ಅವಳು ಅವನ ಮುಖದ ಮೇಲಿನ ನೆರಳನ್ನು ತೆಗೆದಳು. ಹಿಂದೆ ನಿಂತಿದ್ದ ಐಸ್‌ಕ್ರೀಮ್ ಗಾಡಿಯನ್ನು ಅಳಿಸಿದಳು. ಅಷ್ಟರಲ್ಲಿ ಟ್ಯಾಂಕರ್ ಬಂತೆಂದು ಯಾರೋ ಕೂಗಿದರು. ಓಡಿದಳು. ಎರಡನೆಯ ದಿನ ಅವನ ಅಂಗಿಯ ಮೇಲಿನ ಚಹಾದ ಕಲೆಯನ್ನು ಒರೆಸಿದಳು. ಕಲ್ಲಿನ ಬಣ್ಣ ಸರಿಮಾಡಿದಳು. ಆಡು ಹಗ್ಗ ಬಿಚ್ಚಿಕೊಂಡಿತ್ತು, ಎದ್ದು ಹೋದಳು. ಮೂರನೆಯ ದಿನ ತೊಗರಿಬೇಳೆ ಆರಿಸುವುದೇ ಹೊತ್ತಾಯಿತು. ಒಂದು ಹರಳೂ ಉಳಿಯದ ಹಾಗೆ ಎರಡೆರಡು ಸಲ ಆರಿಸಿದಳು. ಕತ್ತರಿಸುವ ಗುರುತನ್ನು ಒತ್ತಿದರೆ ಫೋಟೋದ ಸುತ್ತ ಒಂದು ಬಿಳಿ ಗೆರೆ ಬರುತ್ತದೆ. ಆ ಗೆರೆ ಬಂದೊಡನೆ ಊರಿನ ಏಳು ಗೋಡೆಗಳು, ಏಳು ನೀಲಿ ಹಿನ್ನೆಲೆಗಳು ಕಣ್ಣ ಮುಂದೆ ಬರುತ್ತಿದ್ದವು. ತಾನು ಬೆರಳು ಎಳೆದು ಮುಗಿಸುವ ಹೊತ್ತಿಗೆ ಎಲ್ಲೋ ಅವನ ಉಸಿರು ನಿಲ್ಲುತ್ತದೆ ಅನ್ನಿಸುತ್ತಿತ್ತು.

ಅತ್ತೆಗೂ ಅದೇ ಭಯ. "ಅವನ್ನ ಒಬ್ಬನ್ನೇ ಮಾಡಬ್ಯಾಡ ಯವ್ವಾ," ಎಂದು ಶೇವಂತಾಬಾಯಿ ಅವಳ ಸೆರಗು ಹಿಡಿದಳು. "ನಿನ್ನ ಕೈಯಿಂದ ಹ್ವಾದವರು ಯಾರೂ ಹೊಳ್ಳಿ ಬಂದಿಲ್ಲ."

ಆ ಮಾತು ಕೇಳಿ ಕೌಸಲ್ಯಾಬಾಯಿ ತನ್ನ ಕೈಯನ್ನೇ ನೋಡಿಕೊಂಡಳು.

ಠಾಣೆಯ ವಿಷಯ ತಿಳಿದಿದ್ದ ರೂತ ಸಂಜೆ ಫೋನು ಮಾಡಿದಳು. "ಫೋಟೋ ಕಳಸಿದೇನು?"

"ಟೈಮೇ ಸಿಗವಲ್ದು ರೂತ. ನೀರು, ಸಾಲಿ..."

"ಎರಡು ನಿಮಿಷದ ಕೆಲಸ ಕೌಸಿ."

"ಗೊತ್ತದ."



"ಹಂಗಾದ್ರ ನನಗ ಕಳಸು. ನಾ ಕತ್ತರಿಸ್ತೇನಿ."

"ಬ್ಯಾಡ!" ಎಂದು ಕೌಸಲ್ಯಾಬಾಯಿ ಚೀರಿದಳು. "ನೀ ಮುಟ್ಟಬ್ಯಾಡ. ನೀನೂ ಮುಟ್ಟಬ್ಯಾಡ."

ಏನೂ ಆಗುವುದಿಲ್ಲ, ಹೆದರಬೇಡ ಎಂದು ರೂತ ಹೇಳಲಿಲ್ಲ. ಅಂದು ಬೆಳಿಗ್ಗೆ ಅವಳು ಭಾಲ್ಕಿಯಲ್ಲಿ ಶವದ ಕೋಣೆಯ ಬಾಗಿಲು ತೆಗೆಸಿ, ವಾರಸುದಾರರಿಲ್ಲದ ಒಂದು ಹೆಣದ ಮುಖ ನೋಡಿ ಬಂದಿದ್ದಳು. ಅದು ಬೇರೆ ಯಾರೋ.

ನಾಲ್ಕನೆಯ ದಿನ ಸಾಲಿಯ ಪಾತ್ರೆ ತೊಳೆಯದೆ ಹಾಗೇ ಬಿಟ್ಟು ಕೌಸಲ್ಯಾಬಾಯಿ ಮರದ ಕೆಳಗೆ ಕೂತಳು. ಬಿಳಿ ಗೆರೆ ಬಂತು. ಎಡಗಡೆಯಿಂದ ಎಳೆದಳು, ಶೇವಂತಾಬಾಯಿ ಹೋದಳು. ಬಲಗಡೆಯಿಂದ ಎಳೆಯತೊಡಗಿದಳು. ಗೆರೆ ಅವಳದೇ ಕಿವಿಯ ಮೇಲೆ ಬಂತು, ಕಣ್ಣಿನ ಮೇಲೆ, ಮೂಗಿನ ಮೇಲೆ ಬಂತು. ತನ್ನನ್ನು ಅಳಿಸಿಕೊಳ್ಳುವಾಗ ಹೆದರಿಕೆಯಾಗಲಿಲ್ಲ. ಗೆರೆ ಅವನ ಹೆಗಲ ಹತ್ತಿರ ಬಂದಾಗ ಕೈ ಮೊಣಕೈಯಲ್ಲಿ ತುಂಡಾಯಿತು. ಕೈ ಬೇಕೆಂದರೆ ಅವಳ ಹೆಗಲು ಇರಬೇಕು. ಹೆಗಲು ಇದ್ದರೆ ಅವಳು ಇರಬೇಕು. ಅವಳು ಗೆರೆಯನ್ನು ಹಿಂದಕ್ಕೆ ಒಯ್ದು, ತನ್ನ ಮುಖವೂ ಅವನ ಪೂರ್ತಿ ಕೈಯೂ ಉಳಿಯುವಂತೆ ಬಿಟ್ಟು ಬೆರಳೆತ್ತಿದಳು. ಅವನು ಒಬ್ಬನೇ ಇರಲಿಲ್ಲ.

ಅದನ್ನೇ ಹವಾಲ್ದಾರನ ನಂಬರಿಗೂ ರೂತಳಿಗೂ ಕಳಿಸಿ, ಕೆಳಗೆ ಬರೆದಳು: "ಬಲಕ್ಕ ಇರೋದು ನಾನು. ನಾನು ಕಳದುಹೋಗಿಲ್ಲ."

ರೂತ ಅದನ್ನು ಜಿಲ್ಲೆಯ ನರ್ಸುಗಳ ಗುಂಪಿಗೆ ಹಾಕಿದಳು. ಮರುದಿನ ಮಧ್ಯಾಹ್ನ, ಸಾಲಿಯ ಮಕ್ಕಳಿಗೆ ಅನ್ನ ಬಡಿಸುತ್ತಿದ್ದಾಗ ಕೌಸಲ್ಯಾಬಾಯಿಯ ಫೋನು ಅಲುಗಿತು.

"ಕೌಸಿ, ಕೂತ್ಕೋ ಮೊದಲ."

"ಹೇಳು."

"ಬೀದರಿನ ದವಾಖಾನಿಯಾಗ ಮಹಮೂದಾ ಬೇಗಂ ಅಂತ ಸಿಸ್ಟರ್ ಅದಾಳ. ಅವರ ವಾರ್ಡಿನಾಗ ಒಬ್ಬರಿಗಿ ಹೆಸರಿಲ್ಲಂತ. ಮಾರಿ ಬಾತದ, ಗುರ್ತು ಸಿಗಲ್ಲ. ಖರೆ ಕೈಮ್ಯಾಲ ಎಲಿ ಅದಂತ. ಫೋಟೋದಾಗಿನ ಎಲಿನೇ."

ಕೌಸಲ್ಯಾಬಾಯಿ ಸೌಟನ್ನು ಅನ್ನದಲ್ಲಿ ಚುಚ್ಚಿ ಹಿಡಿದುಕೊಂಡಳು. "ಆ ಕೈ ಬೆಚ್ಚಗ ಅದನೇನು?"

"ಅದ ಕೌಸಿ. ಬೆಚ್ಚಗ ಅದ."

ಮಚ್ಛೇಂದ್ರ ಬೀದರಿನಲ್ಲಿ ಬಸ್ಸಿನಿಂದ ಇಳಿಯುವಾಗ ಬಿಸಿಲಿಗೆ ತಲೆ ತಿರುಗಿ ಮೆಟ್ಟಿಲಿನಿಂದ ಬಿದ್ದಿದ್ದ. ಚೀಲ, ಫೋನು ಆ ಗದ್ದಲದಲ್ಲಿ ಹೋಗಿದ್ದವು. ದಾರಿಹೋಕರು ಎತ್ತಿ ಒಯ್ದಿದ್ದರು. ಎಚ್ಚರ ಬಂದರೂ ಮಾತು ಬಂದಿರಲಿಲ್ಲ. ತಲೆ ಬೋಳಿಸಿದ್ದರು, ಅರ್ಧ ಮುಖಕ್ಕೆ ಪಟ್ಟಿ ಇತ್ತು. ಕೌಸಲ್ಯಾಬಾಯಿ ಮಂಚದ ಹತ್ತಿರ ಹೋಗಿ ಮೊದಲು ಮುಖ ನೋಡಲಿಲ್ಲ, ಕೈಯನ್ನು ಹಿಡಿದಳು. ಅವನು ಮಾತಾಡಲು ಒಂದು ತಿಂಗಳು ಬೇಕಾಯಿತು. ಅಲ್ಲಿಂದ ಮುಂದೆ ಅವಳು ಯಾರ ಫೋಟೋವನ್ನೂ ಕತ್ತರಿಸಿ ಕೊಡಲಿಲ್ಲ. ಕೇಳಿದವರಿಗೆ ಟೈಮು ಸಿಗವಲ್ದು ಎಂದಳು.

ಐದು ವರ್ಷದ ಮೇಲೆ ಅವಳಿಗೆ ಕಾಮಾಲೆಯಾಯಿತು. ಹನ್ನೆರಡು ದಿನ. ದವಾಖಾನೆಯ ಕೆಲಸ ಬಲ್ಲ ರೂತ ಹನ್ನೆರಡೂ ದಿನ ಪಕ್ಕದಲ್ಲಿದ್ದಳು, ಏನೂ ಮಾಡಲಾಗಲಿಲ್ಲ.

ಅವಳು ತೀರಿಕೊಂಡು ವಾರವಾದ ಮೇಲೆ ಮಚ್ಛೇಂದ್ರ ಅವಳ ಮೊಬೈಲು ಹಿಡಿದು ಭಾಲ್ಕಿಗೆ ಬಂದ. ಊರಿನಲ್ಲಿ ಈಗ ಕತ್ತರಿಸಿಕೊಡುವವರು ಇರಲಿಲ್ಲ. ರೂತ ಅದರಲ್ಲಿದ್ದ ಸಾವಿರಕ್ಕೂ ಹೆಚ್ಚು ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಮಗಳು, ಆಡು, ಸಾಲಿಯ ಮಕ್ಕಳು, ಸಣ್ಣ ಮೂಗಿನ ರೂತ. ತೆಗೆದವಳು ಒಂದರಲ್ಲೂ ಇರಲಿಲ್ಲ, ಗಂಡ ಹೆಂಡಿರನ್ನಷ್ಟೇ ಉಳಿಸಿದ್ದ ಕೋಟೆಯದೊಂದರಲ್ಲಿ ಬಿಟ್ಟರೆ. ರೂತ ಬೆರಳು ಒತ್ತಿದಳು, ಬಿಳಿ ಗೆರೆ ಬಂತು.

"ಅಕ್ಕ, ಬ್ಯಾಡ್ರಿ," ಎಂದ ಮಚ್ಛೇಂದ್ರ. "ಆಕಿನ ಒಬ್ಬಾಕಿನ್ನೇ ಮಾಡಬ್ಯಾಡ್ರಿ."

ಆ ಫೋಟೋ ಇಬ್ಬರದೂ ಇದ್ದ ಹಾಗೇ ಚಿಂತಾಕಿಯ ಗೋಡೆಯ ಮೇಲಿದೆ. ಮಗಳು ಹಾರವನ್ನು ತಾಯಿಯ ಕಡೆಗೆ ಓರೆಯಾಗಿ ಹಾಕುತ್ತಾಳೆ. ಗಾಳಿಗೆ ಅದು ಜಾರಿ ಮಚ್ಛೇಂದ್ರನ ಮುಖದ ಮೇಲೆ ಬಂದರೆ ಶೇವಂತಾಬಾಯಿ ಗೋಡೆ ಹಿಡಿದು ಎದ್ದು, ಕೋಲಿನಿಂದ ಅದನ್ನು ಆಚೆ ಸರಿಸುತ್ತಾಳೆ. ಕೆಳಗೆ ಊಟಕ್ಕೆ ಕೂತ ಮಚ್ಛೇಂದ್ರ, "ಇರ್ಲಿ ಬಿಡಬೇ ಅವ್ವಾ," ಎನ್ನುತ್ತಾನೆ. ಅವಳು ಬಿಡುವುದಿಲ್ಲ.