ಬೆಳ್ಳಿ ಉಡಿದಾರ ಬಿಚ್ಚಿದ್ದು

ನನ್ನ ಮೊಮ್ಮಗಳು ಕೂಸಾಗಿದ್ದಾಗ ಸೊಂಟದ ಬೆಳ್ಳಿ ಉಡಿದಾರವನ್ನು ಎಳೆದೆಳೆದು ಕೇಕೆ ಹಾಕುತ್ತಿದ್ದ ಚೆಂದವನ್ನು ಎಷ್ಟು ಹೇಳಿಕೊಂಡರೂ ನನಗೆ ಸಾಲದು. ಅಷ್ಟು ಪುಟ್ಟ ಸೊಂಟಕ್ಕೆ ಅದು ಎರಡು ಸುತ್ತು ಬರುತ್ತಿತ್ತು. ಅವಳ ತಾತನದು ಅದು.

ನಮ್ಮ ಯಜಮಾನರು ರಸೆಲ್ ಮಾರುಕಟ್ಟೆಯಲ್ಲಿ ಸೊಪ್ಪು ಮಾರುತ್ತಿದ್ದರು. ಹಲಸೂರಿನಲ್ಲಿ ಮೆಟ್ರೋಗೆಂದು ರಸ್ತೆ ಅಗೆಯುತ್ತಿದ್ದ ಕಾಲ. ಒಂದು ಬೆಳಿಗ್ಗೆ ಕೊತ್ತಂಬರಿ ಕಟ್ಟುಗಳ ಮೇಲೆಯೇ ಒರಗಿಬಿಟ್ಟರು. ಹಾರ್ಟ್ ಅಟ್ಯಾಕ್. ಆಸ್ಪತ್ರೆಯಿಂದ ಬಿಟ್ಟು ಕಳಿಸಿದ ಮೇಲೂ ಹಿತ್ತಲಿಗೆ ಹೋಗಿಬರುವಷ್ಟರಲ್ಲಿ ಏದುಸಿರು, ಕಾಲು ಬಾವು. ಕೆ.ಆರ್. ಪುರಕ್ಕೆ ಕೊಟ್ಟಿದ್ದ ಮಗಳು ಹೆರಿಗೆಗೆಂದು ನಮ್ಮ ಮನೆಗೆ ಬಂದಿದ್ದಳು. ಮೊದಲ ಮೊಮ್ಮಗು. ಅದರ ಮುಖ ನೋಡುವ ತನಕ ಇವರು ಇರಲಿ ಎಂದಷ್ಟೇ ದೇವರನ್ನು ಕೇಳಿಕೊಂಡೆ.

"ಹಾರ್ಟಿನ ಎಂಆರ್‌ಐ ಮಾಡಿಸೋಣ" ಎಂದರು ಡಾಕ್ಟರು. "ಎಷ್ಟು ಮಾಂಸ ಸತ್ತಿದೆ, ಎಷ್ಟು ಬದುಕಿದೆ, ಅದ್ರಲ್ಲಿ ಕಾಣುತ್ತೆ. ಬದುಕಿದ್ರೆ ಆಪರೇಷನ್ ಮಾಡ್ಬೋದು."

ಮೆಷಿನ್ನಿನ ಕೋಣೆಯ ಹೊರಗೆ ನರ್ಸಮ್ಮ ನಿಂತಿದ್ದಳು. "ಒಳಗೆ ದೊಡ್ಡ ಅಯಸ್ಕಾಂತ ಇದೆ ತಾತ. ಮೈಮೇಲೆ ಲೋಹ ಏನೂ ಇರ್ಬಾರ್ದು."

ಉಂಗುರ, ವಾಚು ಬಿಚ್ಚಿಕೊಟ್ಟರು. "ಸೊಂಟದಲ್ಲಿ?" ಎಂದಾಗ ಅಂಗಿಯನ್ನು ಒತ್ತಿ ಹಿಡಿದುಕೊಂಡರು.

ನಮ್ಮಲ್ಲಿ ಗಂಡಸಿನ ಸೊಂಟ ಬರಿದಾಗುವುದು ಹೆಣಕ್ಕೆ ನೀರು ಹಾಕುವಾಗ ಮಾತ್ರ. ನೂಲಿನ ಉಡಿದಾರವನ್ನಾದರೂ ತಂದಿದ್ದರೆ ಮೊದಲು ಅದನ್ನು ಕಟ್ಟಿ ಆಮೇಲೆ ಬೆಳ್ಳಿಯದನ್ನು ತೆಗೆಯಬಹುದಿತ್ತು. ಯಾರಿಗೆ ಗೊತ್ತಿತ್ತು?

"ಇನ್ನೂ ಉಸಿರಾಡ್ತಾ ಇದೀನಿ ಕಣಮ್ಮಾ" ಎಂದರು.

"ಉಸಿರಾಡ್ತಾ ಇರ್ಲಿ ಅಂತಾನೇ ಬಂದಿರೋದು ತಾತ. ಬಿಚ್ಚಿ, ಹಿಂದೆ ಇನ್ನೂ ಜನ ಇದಾರೆ."

ಅವರು ನನ್ನ ಕಡೆ ತಿರುಗಿದರು. "ನೀನೇ ಬಿಚ್ಚೇ. ಬೇರೆ ಕೈ ಬೇಡ."

ಕೊಂಡಿ ಬಿಗಿದುಕೊಂಡಿತ್ತು. ಬಗ್ಗಿ ಹಲ್ಲಿನಿಂದ ಕಚ್ಚಿ ಬಿಡಿಸಿದೆ. ಬೆಳ್ಳಿಯಲ್ಲಿ ಅವರ ಮೈಬಿಸಿ ಇನ್ನೂ ಇತ್ತು. ಸೆರಗಿಗೆ ಗಂಟು ಹಾಕಿಕೊಂಡು ಹೊರಗೆ ಕುಳಿತೆ. ಒಳಗೆ ಯಾರೋ ಗೋಡೆ ಒಡೆಯುತ್ತಿರುವ ಹಾಗೆ ಸದ್ದು.

ಆಮೇಲೆ ಡಾಕ್ಟರು ಚಿತ್ರ ತೋರಿಸಿದರು. ಬೆಳ್ಳಗೆ ಕಾಣುವುದು ಸತ್ತ ಮಾಂಸವಂತೆ. ಬಿಳಿಯೇ ಬಹಳವಿತ್ತು. "ಗೋಡೆ ತೆಳ್ಳಗಾಗಿ ಬಲೂನಿನ ಥರ ಉಬ್ಬಿದೆ. ಒಳಗೆ ರಕ್ತ ಬೇರೆ ಹೆಪ್ಪುಗಟ್ಟಿದೆ. ಆಪರೇಷನ್ ಮಾಡಿ ಪ್ರಯೋಜನ ಇಲ್ಲ. ಮಾತ್ರೆ ಬರ್ಕೊಡ್ತೀನಿ."

"ಕೊಳೆತ ಸೊಪ್ಪು ಕಿತ್ತಾಕಿ ಮಿಕ್ಕಿದ್ದು ಮಾರ್ತೀವಲ್ಲ ಸ್ವಾಮಿ, ಹಂಗಾಗಲ್ವಾ?" ಎಂದರು ಇವರು.

"ಮಿಕ್ಕಿರೋದೇ ಕಮ್ಮಿ ಯಜಮಾನ್ರೇ."

ಆಟೋದಲ್ಲಿ ನಾನು ಸೆರಗಿನ ಗಂಟು ಬಿಚ್ಚಿದೆ. ಅವರು ನನ್ನ ಕೈ ಹಿಡಿದರು.

"ಬಿಡು. ಒಂದ್ಸಲ ಬಿಚ್ಚಾಯ್ತು. ಬರೋ ಕೂಸಿಗೆ ಕಟ್ಟು."

"ಹೆಣ್ಣಾದ್ರೆ?"

"ಹೆಣ್ಣಿಗೇನು ಸೊಂಟ ಇರಲ್ವೇನೇ?"

ಮಾತ್ರೆ ಮುಗಿಯುವ ಮೊದಲೇ ಅವರು ಮುಗಿದರು. ನೀರು ಹಾಕುವಾಗ ಹಿರಿಯರು ಸೊಂಟ ತಡಕಿ "ಉಡಿದಾರ ಎಲ್ಲಮ್ಮಾ?" ಎಂದು ಕೇಳಿದರು. ನಾನು ನೀರಿನ ಚೊಂಬು ಮುಂದೆ ಚಾಚಿದೆ. ಪಕ್ಕದಲ್ಲಿ ಮಗಳು ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು.

ಕೂಸು ಬಂತು. ಹೆಣ್ಣು. ಅಯ್ಯೋ, ಆ ಕೆಂಪು ಅಂಗಾಲು, ಆ ಆಕಳಿಕೆ! ಕುಂಕುಮವಿಲ್ಲದ ಹಣೆ ಹೊತ್ತು ಇಷ್ಟು ಹಿಗ್ಗಬಾರದೆಂದು ಅಕ್ಕಪಕ್ಕದವರು ಅಂದುಕೊಂಡರೋ ಏನೋ, ನನಗೆ ತಡೆಯಲಾಗಲಿಲ್ಲ. ಹೆಸರಿಡುವ ದಿನ ಉಡಿದಾರ ತೆಗೆದಾಗ ನಾದಿನಿ ಹೌಹಾರಿದಳು. "ಸತ್ತೋರ ಬೆಳ್ಳೀನ ಎಳೇ ಕೂಸಿಗೆ ಕಟ್ತಾರೇನೇ?"

"ಸತ್ತ ಮೇಲೆ ತೆಗ್ದಿದ್ದಲ್ಲ. ಬದುಕಿದ್ದಾಗ ನಾನೇ ಬಿಚ್ಚಿದ್ದು" ಎಂದೆ.

ಕೂಸಿನ ಸೊಂಟಕ್ಕೆ ಎರಡು ಸುತ್ತು ಸುತ್ತಿ ಕೊಂಡಿ ಹಾಕಿದೆ. ಮಾತನ್ನೇನೋ ಗಟ್ಟಿಯಾಗಿಯೇ ಹೇಳಿದ್ದೆ. ಆದರೆ ಆಸ್ಪತ್ರೆಯಲ್ಲಿ ಆ ಕೊಂಡಿ ನನ್ನ ಹಲ್ಲಿಗೆ ಸಡಿಲವಾದಾಗಲೇ ಅವರು ಹೋಗಿದ್ದರು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.