ಫ್ರಿಜ್ಜಿನ ಜೊತೆ ಬಂದ ಫೆರೆಟ್

ಭಜನೆ ಮುಗಿದು ಪ್ರಸಾದ ಹಂಚುವಾಗ ಒಬ್ಬಳು ನನ್ನ ಪಕ್ಕದಲ್ಲಿ ಬಂದು ಕುಳಿತಳು. ಬೆಂಗಳೂರಿನ ಕಡೆಯವಳು, ಗಂಡ ಯಾವುದೋ ಕಂಪೆನಿಯಲ್ಲಿ ಇಂಜಿನಿಯರು.

"ಆಂಟಿ, ನಿಮ್ಮನೇಲಿ ಫೆರೆಟ್ ಇತ್ತಂತಲ್ಲ? ನಮ್ಮ ಪಾಪು ಬೇಕೇ ಬೇಕು ಅಂತ ಹಟ ಹಿಡಿದು ಕೂತಿದೆ. ತಗೋಬಹುದಾ? ಕಚ್ಚತ್ತಾ?"

ನನ್ನ ಬಾಯಲ್ಲಿ ಪಂಚಕಜ್ಜಾಯ ಇತ್ತು. ಕಚ್ಚುತ್ತದಾ ಎನ್ನುವುದು ಮೊದಲು ಕೇಳಬೇಕಾದ ಪ್ರಶ್ನೆಯಲ್ಲ. ಅದನ್ನು ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕಾಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ಅವಳೇ ತಿದ್ದಿ ಓದಿಕೊಳ್ಳಲಿ.

ನಾನಿರುವುದು ಒಮಾನ್ ದೇಶದ ಅಲ್ ಅಮೇರಾತಿನಲ್ಲಿ, ಮಗನ ಮನೆಯಲ್ಲಿ. ಮಗನಿಗೆ ದೂರದ ದುಕ್ಮ್‌ನಲ್ಲಿ ಕೆಲಸ. ಕಂಪೆನಿ ಬಸ್ಸು ಹತ್ತಿ ಹೋದರೆ ವಾರಗಟ್ಟಲೆ ಅಲ್ಲೇ. ಸೊಸೆ ಆಫೀಸಿಗೆ, ಮೊಮ್ಮಗಳು ಶಾಲೆಗೆ. ಹಗಲಿಗೆ ಮನೆಯಲ್ಲಿ ನಾನು ಮತ್ತು ಎ.ಸಿ.ಯ ಗುರ್ರ್ ಎನ್ನುವ ಶಬ್ದ.

ಈ ದೇಶದಲ್ಲಿ ಯಾರಾದರೂ ವೀಸಾ ಮುಗಿಸಿಕೊಂಡು ಊರಿಗೆ ಹೊರಟರೆಂದರೆ ಅವರ ಮನೆಯ ಸಾಮಾನು ಉಳಿದವರ ಮನೆ ಸೇರುತ್ತದೆ. ನಮ್ಮ ಸೋಫಾ ಒಬ್ಬರದ್ದು, ಇಡ್ಲಿ ಬೇಯಿಸುವ ಅಟ್ಟ ಇನ್ನೊಬ್ಬರದ್ದು. ಮೇಲಿನ ಮಹಡಿಯವರು ಹೊರಟಾಗ ಅವರ ಸಣ್ಣ ಫ್ರಿಜ್ಜು ನಮ್ಮಲ್ಲಿಗೆ ಬಂತು. ಅದರ ಹಿಂದೆಯೇ ಒಂದು ಪಂಜರವೂ ಬಂತು. ಒಳಗೆ ಉದ್ದ ಮೈಯ, ಕುಳ್ಳ ಕಾಲಿನ, ಮುಖಕ್ಕೆ ಮಸಿ ಬಳಿದಂಥ ಒಂದು ಪ್ರಾಣಿ. ನೋಡಿದ ಕೂಡಲೇ ಊರಿನ ಕೀರಿಯ ನೆನಪಾಯಿತು.

"ಎಂತದು ಮಾರಾಯ್ತಿ ಇದು? ಹಾವು ಹಿಡಿಯಲಿಕ್ಕಾ?" ಎಂದು ಸೊಸೆಯನ್ನು ಕೇಳಿದೆ.

"ಫ್ರಿಜ್ಜು ಬೇಕಾದರೆ ಇದನ್ನೂ ಇಟ್ಟುಕೊಳ್ಳಿ ಅಂದರು ಅತ್ತೆ. ವಿಮಾನದಲ್ಲಿ ತಗೊಂಡು ಹೋಗ್ಲಿಕ್ಕೆ ಸಿಕ್ಕಾಪಟ್ಟೆ ಕಾಗದ ಪತ್ರ ಬೇಕಂತೆ."

ಮೊಮ್ಮಗಳು ಅಷ್ಟರಲ್ಲಿ ಅದನ್ನು ಕೊರಳಿಗೆ ಸುತ್ತಿಕೊಂಡಾಗಿತ್ತು. ಅಲ್ಲಿಗೆ ಮುಗಿಯಿತು. ಏನು ತಿನ್ನುತ್ತದೆ, ಎಷ್ಟು ವರ್ಷ ಬದುಕುತ್ತದೆ, ನಾವು ರಜೆಗೆ ಊರಿಗೆ ಹೋದರೆ ಯಾರು ನೋಡುತ್ತಾರೆ, ಒಬ್ಬರೂ ಕೇಳಲಿಲ್ಲ. ಫ್ರಿಜ್ಜಿನ ಗ್ಯಾಸ್ ಸರಿ ಉಂಟಾ ಎಂದು ಮಾತ್ರ ಮಗ ಫೋನಿನಲ್ಲಿ ಕೇಳಿದ.

ಫೆರೆಟ್ಟಿಗೆ ವಾಸನೆ ಉಂಟು. ಎಷ್ಟು ತೊಳೆದರೂ ಹೋಗುವುದಿಲ್ಲ. ಒಣಮೀನಿನ ಡಬ್ಬದ ಜೊತೆ ಬದುಕಿದವಳು ನಾನು, ನನಗೇನೂ ಆಗಲಿಲ್ಲ. ಬಂದ ನೆಂಟರು ಮಾತ್ರ ಸೆರಗು ಮೂಗಿಗೆ ಹಿಡಿಯುತ್ತಿದ್ದರು. ಕೈಗೆ ಸಿಕ್ಕಿದ್ದನ್ನೆಲ್ಲ ಕದಿಯುತ್ತದೆ. ನನ್ನ ಕನ್ನಡಕ, ಒಂದು ಕಾಲಿನ ಸಾಕ್ಸು, ಒಮ್ಮೆ ದೇವರ ಮುಂದಿನ ಗಂಟೆ, ಎಲ್ಲ ಸೋಫಾದ ಹೊಟ್ಟೆಯೊಳಗೆ ಸಿಕ್ಕಿತು. ಮತ್ತೆ ಹಗಲಿಡೀ ನಿದ್ದೆ. ಬಟ್ಟೆಯ ಡ್ರಾಯರಿನಲ್ಲೋ ಚಪ್ಪಲಿಯ ರಾಶಿಯಲ್ಲೋ ಹೊಕ್ಕರೆ ಸತ್ತ ಹಾಗೆ ಮಲಗುತ್ತದೆ. ಎಲ್ಲಿದೆ ಎಂದು ಹುಡುಕುವುದನ್ನು ನಾವು ಬಿಟ್ಟೇಬಿಟ್ಟೆವು. ಇದನ್ನು ನೆನಪಿಟ್ಟುಕೊಳ್ಳಬೇಕು. ಮಲಗಿಯೇ ಇರುವ ಪ್ರಾಣಿ ಕಾಣದಿದ್ದರೆ ಯಾರಿಗೂ ಗಾಬರಿಯಾಗುವುದಿಲ್ಲ.

ಉಗುರು ಕತ್ತರಿಸಲು ಒಮ್ಮೆ ಪ್ರಾಣಿಗಳ ಡಾಕ್ಟರಲ್ಲಿಗೆ ಹೋಗಿದ್ದೆವು. ಅವರು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದರು. ಮೊಮ್ಮಗಳು ಕಾರಿನಲ್ಲಿ ನನಗೆ ತಿಳಿಸಿದಳು. "ಅಜ್ಜಿ, ಇದಕ್ಕೆ ಸ್ವೆಟ್ ಬರೂದಿಲ್ಲ. ಹೀಟ್ ಆದ್ರೆ ಸತ್ತೇ ಹೋಗ್ತದೆ. ಆಲ್ವೇಸ್ ಎ.ಸಿ. ಬೇಕು."

"ನಮಗೂ ಹಾಗೆಯೇ," ಎಂದೆ. ಎಲ್ಲರೂ ನಕ್ಕರು.

ಅದು ತಿನ್ನುವುದು ಮಾಂಸ ಮಾತ್ರ. ಅನ್ನ ಹಾಕಿದರೆ ಮೂಸಿ ಬಿಡುತ್ತದೆ. ಸೊಸೆ ಗಂಜಿ ಹಾಕಿ ನೋಡಿದಳು, ಭೇದಿ ಮಾಡಿಕೊಂಡಿತು. ನಮ್ಮದು ಮೀನು ತಿನ್ನುವ ಮನೆ, ಕೋಳಿಯೂ ಆಗುತ್ತದೆ. ತೊಂದರೆ ಇರಲಿಲ್ಲ. ಸೋಣ ತಿಂಗಳು ಬರುವವರೆಗೆ ಇರಲಿಲ್ಲ.

ಸೋಣದಲ್ಲಿ, ಅಂದರೆ ತುಳುವರ ಲೆಕ್ಕದಲ್ಲಿ ಆಗಸ್ಟ್ ನಡುವಿನಿಂದ ಒಂದು ತಿಂಗಳು, ನಮ್ಮ ಮನೆಯೊಳಗೆ ಮೀನು ಮಾಂಸ ಬರುವುದಿಲ್ಲ. ಹೊಸ್ತಿಲಿಗೆ ಪೂಜೆ ಮಾಡುವ ತಿಂಗಳು ಅದು. ಇಲ್ಲಿ ಫ್ಲಾಟಿನ ಬಾಗಿಲಿಗೆ ಹೊಸ್ತಿಲು ಎನ್ನುವುದು ಒಂದು ಅಲ್ಯೂಮಿನಿಯಂ ಪಟ್ಟಿ. ಆದರೂ ದಿನಾ ತೊಳೆದು, ಗಂಧ ಹಚ್ಚಿ, ಹೂ ಇಡುತ್ತೇವೆ. ಅಂಥ ತಿಂಗಳಲ್ಲಿ ಅಡುಗೆಮನೆಯಲ್ಲಿ ಕೋಳಿ ಕೊಚ್ಚುವುದು ಹೇಗೆ?

ಫೋನಿನಲ್ಲಿ ಮಗ ದಾರಿ ಹೇಳಿದ. "ಆ ಸಣ್ಣ ಫ್ರಿಜ್ಜನ್ನು ಬಾಲ್ಕನಿಗೆ ಹಾಕಿ. ಕೋಳಿ ಅದರಲ್ಲಿ ಇರ್ಲಿ. ಅಲ್ಲೇ ತಿನ್ನಿಸಿ ಒಳಗೆ ತನ್ನಿ. ಖಲಾಸ್."

ಬಾಲ್ಕನಿ ಹೊರಗೆ, ಮನೆ ಒಳಗೆ. ಎಲ್ಲರಿಗೂ ಒಪ್ಪಿಗೆಯಾಯಿತು. ನನಗೂ ಆಯಿತು. ಬಿಸಿಲು ಏರುವ ಮೊದಲು ಸೊಸೆ ಅದನ್ನು ಹೊರಗೆ ಬಿಟ್ಟು ತಿನ್ನಿಸುವುದು, ಬಾಯಿ ಒರೆಸಿ ಒಳಗೆ ತರುವುದು. ಹಾಗೆಯೇ ನಡೆಯುತ್ತಿತ್ತು.

ಒಂದು ದಿನ ಮೊಮ್ಮಗಳ ಶಾಲಾ ಬಸ್ಸು ಬೇಗ ಬಂದು ಹಾರ್ನ್ ಹೊಡೆಯಿತು. ತಾಯಿ ಮಗಳು, ಒಬ್ಬಳು ಬೂಟು ಹುಡುಕುತ್ತಾ, ಒಬ್ಬಳು ಬಾಚಣಿಗೆ ಹುಡುಕುತ್ತಾ ಕೂಗಾಡಿ ಹೋದರು. ನಾನು ಹೊಸ್ತಿಲ ಪೂಜೆ ಮುಗಿಸಿ, ಗಂಜಿ ಉಂಡು, ಅಡ್ಡಾದೆ. ಫೆರೆಟ್ ಕಾಣಲಿಲ್ಲ. ಹಗಲಿಗೆ ಯಾವಾಗ ಕಂಡಿತ್ತು!

ಮಧ್ಯಾಹ್ನ ಒಣಗಿದ ಬಟ್ಟೆ ತೆಗೆಯಲು ಬಾಲ್ಕನಿಯ ಗಾಜಿನ ಬಾಗಿಲು ಸರಿಸಿದೆ. ಒಲೆಯ ಬಾಯಿ ತೆರೆದ ಹಾಗೆ ಝಳ ಹೊಡೆಯಿತು. ಅಲ್ ಅಮೇರಾತಿನ ಸುತ್ತ ಕಲ್ಲುಗುಡ್ಡ, ಕಾದರೆ ಬಾಣಲೆ. ಫ್ರಿಜ್ಜಿನ ಪಕ್ಕದ ಅಂಗೈಯಗಲ ನೆರಳಿನಲ್ಲಿ ಅದು ಚಪ್ಪಟೆಯಾಗಿ ಬಿದ್ದಿತ್ತು. ಬಾಯಿ ತೆರೆದಿತ್ತು, ಹೊಟ್ಟೆ ಜೋರಾಗಿ ಹಾರುತ್ತಿತ್ತು. ಗಾಜಿನ ಮೇಲೆ ಕೆಳಗಿನಿಂದ ಉಗುರಿನ ಗೀರುಗಳು.

ಒಳಗೆ ತಂದು ಕಾಲಿಗೆ, ಹೊಟ್ಟೆಗೆ ಒದ್ದೆ ಬಟ್ಟೆ ಹಾಕಿದೆ. ನೀರು ಬಾಯಿಗೆ ಬಿಟ್ಟರೆ ಹೊರಗೆ ಬಂತು. ಸೊಸೆಗೆ ಫೋನ್ ಮಾಡಿದೆ. ಒಂದು ಹೆಂಗಸು ಅರಬಿಯಲ್ಲಿ ಏನೋ ಹೇಳಿದಳು, ಮತ್ತೆ ಇಂಗ್ಲಿಷಿನಲ್ಲಿ ಹೇಳಿದಳು. ಮಗನಿಗೆ ಮಾಡಿದೆ, ಅದೇ ಹೆಂಗಸು. ಅವಳಿಗೆ ನಾನು ತುಳುವಿನಲ್ಲಿ ಬೈದೆ.

ಮೈ ಒರೆಸುವ ಬೈರಾಸಿನಲ್ಲಿ ಅದನ್ನು ಸುತ್ತಿಕೊಂಡು ಕೆಳಗಿಳಿದು ರಸ್ತೆಯಲ್ಲಿ ನಿಂತು ಟ್ಯಾಕ್ಸಿಗೆ ಕೈ ಅಡ್ಡ ಹಿಡಿದೆ. ಡ್ರೈವರು ಒಮಾನಿ, ಗಡ್ಡ ಬೆಳ್ಳಗಾದವನು. ಸ್ವಲ್ಪ ಹಿಂದಿ ಬರುತ್ತಿತ್ತು, ನನ್ನಷ್ಟೇ.

"ಎಲ್ಲಿಗೆ ಅಮ್ಮಾ?"

ಎಲ್ಲಿಗೆಂದು ಗೊತ್ತಿದ್ದರಲ್ಲವೇ! "ಡಾಕ್ಟರ್. ಜಾನ್ವರ್ ಡಾಕ್ಟರ್. ಬೋರ್ಡಿನಲ್ಲಿ ಬಿಲ್ಲಿ ಫೋಟೋ," ಎಂದೆ.

ಅವನು ಬೈರಾಸು ಸರಿಸಿ ನೋಡಿದ. "ಇದು ಬಿಲ್ಲಿ ಅಲ್ಲ."

"ಅಲ್ಲ. ಯಲ್ಲಾ, ಯಲ್ಲಾ," ಎಂದು ಅವಸರ ಮಾಡಿದೆ.

ಅವನು ಎ.ಸಿ.ಯ ಗಾಳಿಯನ್ನು ನನ್ನ ಮಡಿಲಿಗೆ ತಿರುಗಿಸಿದ. ಎರಡು ಕಡೆ ಕೇಳಿ, ಬೆಕ್ಕಿನ ಚಿತ್ರದ ಬೋರ್ಡು ಹುಡುಕಿದ. ಶಟರ್ ಎಳೆದಿತ್ತು. ಇಲ್ಲಿ ಮಧ್ಯಾಹ್ನ ಎಲ್ಲರೂ ಮುಚ್ಚಿ ಮಲಗುತ್ತಾರೆ, ಸಂಜೆಗೇ ತೆರೆಯುವುದು. ನನಗೆ ಗೊತ್ತಿದ್ದ ವಿಷಯವೇ. ನಾನೂ ಮಲಗುವವಳೇ. ಡ್ರೈವರು ಇಳಿದು ಶಟರಿಗೆ ಬಡಿದ, ಬೋರ್ಡಿನ ನಂಬರಿಗೆ ಫೋನ್ ಮಾಡಿದ. ಯಾರೂ ಎತ್ತಲಿಲ್ಲ. ಮತ್ತೆ ಬಡಿದ. ಅವನು ಬಡಿಯುತ್ತಿರುವಾಗಲೇ ಮಡಿಲಲ್ಲಿ ಅದರ ಹೊಟ್ಟೆ ಹಾರುವುದು ನಿಂತಿತು.

"ಸಾಕು, ಬಾ," ಎಂದು ಕರೆದೆ. ಕನ್ನಡದಲ್ಲಿಯೇ ಕರೆದೆ. ಅವನಿಗೆ ತಿಳಿಯಿತು.

ನಮ್ಮ ಬಿಲ್ಡಿಂಗಿನ ಸುತ್ತ ಎಲ್ಲ ಇಂಟರ್‌ಲಾಕ್ ಕಲ್ಲು. ಒಂದು ಹಿಡಿ ಮಣ್ಣಿಲ್ಲ. ಇಲ್ಲಿಯವರು ವಾದಿ ಎನ್ನುವ ಒಣಹೊಳೆಯ ಬದಿಗೆ ಅವನೇ ಕರೆದುಕೊಂಡು ಹೋದ. ಒಂದು ಮುಳ್ಳುಮರದ ಕೆಳಗೆ ಇಬ್ಬರೂ ಕಲ್ಲು ಸರಿಸಿ, ಇಟ್ಟು, ಮೇಲೆ ಕಲ್ಲು ಹೇರಿದೆವು. ಕಲ್ಲು ಕೈ ಸುಡುತ್ತಿತ್ತು.

ಸೊಸೆ ಬಂದು, ನಡೆದದ್ದು ಕೇಳಿ, ಬಾಗಿಲಲ್ಲೇ ನಿಂತಳು. "ಬಾಲ್ಕನಿಯ ಬಾಗಿಲು ಎಳೆದದ್ದು ನಾನಾ ಅತ್ತೆ?"

"ನೀನೇ. ನಾನು ನೋಡಲೂ ಇಲ್ಲ," ಎಂದೆ. ಸಮಾಧಾನ ಹೇಳಲು ನನಗೆ ಬರುವುದಿಲ್ಲ.

ಮೊಮ್ಮಗಳು ಅಳಲಿಲ್ಲ. ಬಾಲ್ಕನಿಗೆ ಹೋಗಿ ಫ್ರಿಜ್ಜು ತೆರೆದು ನೋಡಿದಳು. ಒಳಗೆ ಕೋಳಿಯ ತುಂಡುಗಳು ತಣ್ಣಗೆ ಕುಳಿತಿದ್ದವು.

"ಚಿಕನ್‌ಗೆ ಫ್ರಿಜ್ ಅಜ್ಜಿ. ಅದಕ್ಕೆ ಬಿಸಿಲು," ಎಂದಳು.

ಆಮೇಲೆ ನನ್ನ ಮುಖ ನೋಡಿ ಇಂಗ್ಲಿಷಿನಲ್ಲಿ ಬಹಳ ಹೇಳಿದಳು. ಒಂದೂ ನನಗೆ ತಿಳಿಯಲಿಲ್ಲ. ಏನೆಂದು ಸೊಸೆಯನ್ನು ಕೇಳಲೂ ಇಲ್ಲ. ಮುಗಿಯುವವರೆಗೆ ಕೇಳಿಸಿಕೊಂಡೆ.

ಹಾಗಾಗಿ ಆ ಬೆಂಗಳೂರಿನವಳಿಗೆ ನಾನು ಹೇಳುವುದು ಇಷ್ಟು. ಕಚ್ಚುತ್ತದೆ, ಆದರೆ ಜೋರಾಗಿ ಅಲ್ಲ. ನಿಮ್ಮ ಮನೆಯಲ್ಲಿ ಯಾವ ದಿನ ಅದಕ್ಕೆ ಒಳಗೆ ಜಾಗವಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ. ಅಂಥ ದಿನ ಒಂದಾದರೂ ಇದ್ದರೆ ಬೇಡ.

ಆ ಕೋಳಿಯನ್ನು ಏನು ಮಾಡುವುದೆಂದು ನಮಗೆ ತಿಳಿಯಲಿಲ್ಲ. ಒಳಗೆ ತರುವ ಹಾಗಿಲ್ಲ, ಎಸೆಯಲು ಮೊಮ್ಮಗಳು ಬಿಡಲಿಲ್ಲ. ಸೋಣ ಮುಗಿಯುವವರೆಗೂ ಬಾಲ್ಕನಿಯಲ್ಲಿ ಫ್ರಿಜ್ಜು ಓಡುತ್ತಲೇ ಇತ್ತು.