ಉಡಿ ತುಂಬಿಸಿಕೊಂಡ ಅಭ್ಯರ್ಥಿ

ಮೂವತ್ತು ವರ್ಷಗಳಿಂದ ನಾನು ಸೋಲುವ ಪಕ್ಷದಲ್ಲಿದ್ದೇನೆ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಹುನಗುಂದ ಕ್ಷೇತ್ರದಿಂದ ವಿಧಾನಸಭೆಗೆ ಎರಡು ಸಲ ನಿಂತು ಎರಡು ಸಲವೂ ಠೇವಣಿ ಕಳೆದುಕೊಂಡವನು ನಾನು. ಕೆಂಪು ಬಾವುಟ ಹಿಡಿದು ಇಳಕಲ್ಲಿನ ಓಣಿಗಳಿಗೆ ಹೋದರೆ ಜನ ಕುಳ್ಳಿರಿಸಿ ನೀರು ಕೊಡುತ್ತಿದ್ದರು, ಮಗ್ಗದ ಕಷ್ಟವನ್ನೆಲ್ಲ ತೋಡಿಕೊಳ್ಳುತ್ತಿದ್ದರು, ಕಡೆಗೆ ಮತವನ್ನು ಬೇರೆಯವರಿಗೆ ಹಾಕುತ್ತಿದ್ದರು. ಕೂಲಿ ಹೆಚ್ಚಿಸಲು ನಾವು ಬೇಕು, ಆಳಲು ಅವರು ಬೇಕು. ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು, ಆಮೇಲೆ ಅಭ್ಯಾಸವಾಯಿತು.

ಈಚಿನ ಚುನಾವಣೆಗೆ ನಾವು ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿದೆವು. ಆಕೆ ಸೀರೆ ನೇಯುವವಳು. ಗಂಡ ಎದೆಯ ರೋಗದಿಂದ ತೀರಿಕೊಂಡು ಆರು ವರ್ಷವಾಗಿತ್ತು. ಅವನ ಮಗ್ಗದಲ್ಲೇ ತಾನು ಕುಳಿತು ಅತ್ತೆಯನ್ನು ಸಾಕುತ್ತಿದ್ದಳು. ನೇಕಾರರ ಗುರುತಿನ ಚೀಟಿಗಾಗಿ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಹೋಗಿ, ಕಚೇರಿಯ ಬಾಗಿಲಲ್ಲಿ ಇಡೀ ದಿನ ಕೂತು, ಚೀಟಿ ಕೈಗೆ ಬಂದ ಮೇಲೆಯೇ ಎದ್ದವಳು. ನಾನು ಹತ್ತು ಭಾಷಣದಲ್ಲಿ ಮಾಡಲಾಗದ್ದನ್ನು ಆಕೆ ಸುಮ್ಮನೆ ಕೂತು ಮಾಡಿದ್ದಳು.

ಒಪ್ಪಿಸಲು ಮೂರು ಸಂಜೆ ಅವರ ಮನೆಗೆ ಅಲೆದೆ. ಅತ್ತೆ ಬಿಡಲೊಲ್ಲಳು.

“ಸೋಲಾಕಂತ ಯಾರರ ನಿಂದರ್ತಾರೇನ್ರಿ?”

“ಸೋಲು ಗೆಲುವಿನ ಮಾತಲ್ಲವ್ವಾ. ನಾವು ಜನರ ನಡುವ ಹೋಗಬೇಕು,” ಎಂದೆ, ಪುಸ್ತಕದಲ್ಲಿ ಇದ್ದಂತೆ.

“ಜನರ ನಡುವ ನಾವು ದಿನಾ ಅದೀವಲ್ಲ. ಹೋಗೂದೇನು?”

ಸೊಸೆ ಬಾಯಿಗೆ ಸೆರಗು ಹಿಡಿದು ನಕ್ಕಳು. ಆದರೆ ಮೂರನೆಯ ಸಂಜೆ ಒಪ್ಪಿದವಳೂ ಅವಳೇ. “ನಿಂತ್ರ ಕಡೀತನಕ ನಿಂದರ್ತೇನಿ, ಅಣ್ಣಾರ. ನಡುವ ಬಿಡು ಅಂದ್ರ ನನ್ನ ಕಡಿಂದ ಆಗೂದಿಲ್ಲ,” ಎಂದಳು. ಹಾಗೆ ಯಾಕೆ ಅನ್ನುತ್ತೇವೆ ಎಂದು ನಾನು ಅವಳನ್ನೇ ಗದರಿಸಿದೆ.

ನಾಮಪತ್ರ ಹಾಕುವ ಮೊದಲೇ ಮನೆ ಮನೆಗೆ ಹೊರಟೆವು. ಎರಡನೆಯ ದಿನವೋ ಮೂರನೆಯ ದಿನವೋ, ಒಂದು ಮನೆಯಲ್ಲಿ ಹಿರಿಯ ಅಜ್ಜಿ, ಹಣೆತುಂಬ ವಿಭೂತಿ ಹಚ್ಚಿಕೊಂಡವಳು, ನಮ್ಮ ಅಭ್ಯರ್ಥಿಯನ್ನು ಒಳಗೆ ಕರೆದಳು. ನಾನು ಕಟ್ಟೆಯ ಮೇಲೆ ಕರಪತ್ರ ಹಿಡಿದು ಕೂತೆ. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲವೆಂದು ಬಾಗಿಲಲ್ಲಿ ಇಣುಕಿದರೆ, ಕಂಬಳಿ ಹಾಸಿ ಅವಳನ್ನು ಕೂಡಿಸಿದ್ದಾರೆ. ಮೊರದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಅರಿಶಿಣ ಬೇರು, ಮೇಲೊಂದು ಗುಳೇದಗುಡ್ಡದ ರವಿಕೆ ಖಣ. ಅಜ್ಜಿಯ ಸೊಸೆ ಹಿಂದೆ ಮುಂದೆ ನೋಡುತ್ತಿದ್ದಳು.

“ಅತ್ತೀ, ಆಕಿಗೆ…” ಎಂದಳು ಮೆಲ್ಲಗೆ.

“ಗೊತ್ತೈತಿ. ನಮ್ಮ ಸಲುವಾಗಿ ಹೊಂಟಾಳ. ಖಾಲಿ ಉಡಿಲೆ ಹೆಂಗ ಕಳಸೂದು? ತಾ ಇಲ್ಲೆ.”

ಗಂಡನನ್ನು ಕಳೆದುಕೊಂಡವರಿಗೆ ನಮ್ಮ ಕಡೆ ಉಡಿ ತುಂಬುವುದಿಲ್ಲ. ಮದುವೆಮನೆಯಲ್ಲಿ, ಸೀಮಂತದಲ್ಲಿ, ತವರಿನಿಂದ ಹೊರಡುವಾಗ, ಎಲ್ಲ ಕಡೆಯೂ ಅಂಥವರು ಗೋಡೆಗೆ ಒತ್ತಿ ನಿಲ್ಲುತ್ತಾರೆ. ಅಂಥವಳೊಬ್ಬಳು ಅಂದು ಸೆರಗೊಡ್ಡಿ ಕೂತಿದ್ದಳು. ಒಡ್ಡುವ ರೂಢಿ ತಪ್ಪಿತ್ತೋ ಏನೋ, ಒಂದಿಷ್ಟು ಅಕ್ಕಿ ಕಂಬಳಿಯ ಮೇಲೆ ಚೆಲ್ಲಿತು.

ನನಗೆ ಮಾತ್ರ ಕಂಡದ್ದು ಅಕ್ಕಿ, ಅರಿಶಿಣ ಅಷ್ಟೇ. ಹೊರಗೆ ಬಂದವಳನ್ನು ತರಾಟೆಗೆ ತೆಗೆದುಕೊಂಡೆ. “ಏನವಾ ಇದು? ನಾವು ಮತ ಕೇಳಾಕ ಬಂದೇವೋ, ಪೂಜಿಗೆ ಬಂದೇವೋ? ನಾಳೆ ಪಕ್ಷದವರು ನನ್ನ ಕೇಳ್ತಾರ.”

ಅವಳು ಸೆರಗಿನ ಗಂಟು ಬಿಗಿಮಾಡಿಕೊಂಡಳು. “ಆರು ವರ್ಷ ಆತ್ರಿ ಅಣ್ಣಾರ, ನನಗ ಯಾರೂ ಉಡಿ ತುಂಬಿರಲಿಲ್ಲ,” ಎಂದಷ್ಟೇ ಹೇಳಿ ಮುಂದಿನ ಮನೆಗೆ ನಡೆದಳು.

ಸುದ್ದಿ ಓಣಿಯಿಂದ ಓಣಿಗೆ ಹೋಯಿತು. ಅಜ್ಜಿಯೇ ತುಂಬಿದ ಮೇಲೆ ಉಳಿದವರು ಬಿಟ್ಟಾರೆಯೇ? ಮತದಾರರಿಗೆ ಅಭ್ಯರ್ಥಿಗಳು ಸೀರೆ ಹಂಚುವ ಕಾಲದಲ್ಲಿ ನಮ್ಮ ಅಭ್ಯರ್ಥಿಗೆ ಮತದಾರರೇ ಖಣ ಕೊಡತೊಡಗಿದರು. ಕೈಚೀಲ ಹೊರುವುದು ನನ್ನ ಪಾಲಿಗೆ ಬಂತು. ನಾನು ಗೊಣಗುತ್ತಲೇ ಹೊತ್ತೆ. ಜಗತ್ತನ್ನೇ ಬದಲಾಯಿಸುತ್ತೇನೆಂದು ಹೊರಟ ನನಗೆ, ನನ್ನ ಕಣ್ಣೆದುರೇ ಹೆಂಗಸರು ಒಂದು ಹಳೇ ಕಟ್ಟಳೆಯನ್ನು ಮುರಿದು ಹಾಕುತ್ತಿದ್ದುದು ಗೊತ್ತೇ ಆಗಲಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿಯ ವಾಸನೆ.

ನಾಮಪತ್ರ ಹಿಂದಕ್ಕೆ ಪಡೆಯಲು ಒಂದೇ ದಿನ ಉಳಿದಿದೆ ಎನ್ನುವಾಗ ಬಾಗಲಕೋಟೆಯಿಂದ ಫೋನ್ ಬಂತು, ತುರ್ತು ಸಭೆ ಎಂದು. ಮೇಲಿನ ಸಮಿತಿಯಿಂದ ಒಬ್ಬ ಹಿರಿಯರು ಬಂದಿದ್ದರು. ಒಳ್ಳೆಯ ಮನುಷ್ಯರು, ನಾನು ಗೌರವಿಸುವವರು. ಈ ಸಲ ಮತ ಒಡೆಯಬಾರದು, ದೊಡ್ಡ ಪಕ್ಷವೊಂದರ ಜೊತೆ ಹೊಂದಾಣಿಕೆಯಾಗಿದೆ, ಹುನಗುಂದವನ್ನು ಅವರಿಗೆ ಬಿಟ್ಟುಕೊಡಬೇಕು ಎಂದರು. ಜಿಲ್ಲೆಯಲ್ಲಿ ನಾವು ನಿಂತಿದ್ದದ್ದೇ ಅದೊಂದು ಕಡೆ. ಬಾದಾಮಿಯಿಂದ ಬಂದ ನಮ್ಮ ಸಂಗಾತಿಯೊಬ್ಬರು, “ಆ ಹೆಣ್ಣುಮಗಳಿಗೆ ಯಾರು ಹೇಳೂದ್ರಿ?” ಎಂದರು. ಎಲ್ಲರೂ ನನ್ನ ಕಡೆ ನೋಡಿದರು. ಆಮೇಲೆ ಕೈ ಎತ್ತಲು ಹೇಳಿದರು. ಎಲ್ಲರ ಜೊತೆ ನಾನೂ ಎತ್ತಿದೆ.

ಆ ನಿರ್ಧಾರ ತಪ್ಪೆಂದು ಇವತ್ತಿಗೂ ನನಗೆ ಅನ್ನಿಸುವುದಿಲ್ಲ. ತಪ್ಪೆಂದು ಅನ್ನಿಸಿದ್ದರೆ ಯಾರನ್ನಾದರೂ ಬೈದು ಹಗುರಾಗುತ್ತಿದ್ದೆ.

ಬಸ್ಸು ಅಮೀನಗಡದಲ್ಲಿ ನಿಂತಾಗ ಪಕ್ಕದಲ್ಲಿದ್ದವನು ಕರದಂಟು ಕೊಂಡು ಒಂದು ತುಂಡು ನನ್ನ ಕೈಗಿಟ್ಟ. ಅಭ್ಯರ್ಥಿಗೆ ಏನು ಹೇಳಬೇಕು, ಯಾವ ಮಾತಿನಿಂದ ಶುರು ಮಾಡಬೇಕು ಎಂದು ಲೆಕ್ಕ ಹಾಕುತ್ತ ಇಳಕಲ್ಲಿನವರೆಗೂ ಅದನ್ನು ಹಿಡಿದುಕೊಂಡೇ ಕೂತಿದ್ದೆ.

ಅವಳು ಮಗ್ಗದಲ್ಲಿದ್ದಳು. ಪ್ರಚಾರ ಮುಗಿಸಿ ಬಂದ ಮೇಲೆ ಸಂಜೆ ಒಂದಿಷ್ಟು ನೇಯುತ್ತಿದ್ದಳು. ನಾನು ಹೊಂದಾಣಿಕೆ, ಅಪಾಯ, ಇಂದಿನ ಪರಿಸ್ಥಿತಿ ಎಂದೆಲ್ಲ ಹೇಳಿದೆ. ಮಗ್ಗದ ಸದ್ದು ನಿಂತಿತು. ಅತ್ತೆ ಎದ್ದು ಒಳಗೆ ಹೋದಳು.

“ನೀವೂ ಕೈ ಎತ್ತಿದ್ರೇನ್ರಿ, ಅಣ್ಣಾರ?”

“ಎತ್ತಿದೆ.”

“ಅವರಿಗೆಲ್ಲ ನಾ ಏನ ಹೇಳ್ಲಿ?”

“ಪಕ್ಷದ ನಿರ್ಧಾರ ಅಂತ ಹೇಳೂಣು.”

“ಪಕ್ಷಕ್ಕ ಯಾರೂ ಉಡಿ ತುಂಬಿಲ್ರಿ. ನನಗ ತುಂಬ್ಯಾರ.” ಅವಳ ದನಿ ಏರಲಿಲ್ಲ. ಏರಿದ್ದರೆ ನನಗೆ ಸುಲಭವಾಗುತ್ತಿತ್ತು. “ಯಾರೂ ತುಂಬದಾಕಿಗೆ ಒಮ್ಮೆ ತುಂಬ್ಯಾರ. ನಾ ನಡುವ ಬಿಟ್ಟು ಬಂದ್ರ, ಇನ್ನ ಮ್ಯಾಲ ಅಂಥಾಕಿ ಮತ್ತೊಬ್ಬಾಕಿ ಬಂದ್ರ ತುಂಬ್ತಾರೇನ್ರಿ?”

ನಾನು ಶಿಸ್ತಿನ ಬಗ್ಗೆ ಹೇಳಿದೆ. ಪಕ್ಷದಲ್ಲಿ ಇದ್ದ ಮೇಲೆ ಒಬ್ಬೊಬ್ಬರ ಮನಸ್ಸು ನೋಡಲಾಗುವುದಿಲ್ಲ ಎಂದೆ. ಅವಳು ಒಂದೇ ಮಾತು ಕೇಳಿದಳು: “ನಾಳಿ ಸಂಜಿಕ ನನ್ನ ಕೂಡ ಬರ್ರಿ. ಅವರ ಮನಿಗೆ ಹೋಗಿ ನೀವ ನಿಂತು ಹೇಳ್ರಿ, ಇದು ಆಕಿ ಮಾಡಿದ್ದಲ್ಲ ಅಂತ.” ಬರುತ್ತೇನೆಂದು ಮಾತು ಕೊಟ್ಟೆ. ಮನಸಾರೆ ಕೊಟ್ಟೆ.

ಮರುದಿನ ಹುನಗುಂದದ ಚುನಾವಣಾ ಕಚೇರಿಯಲ್ಲಿ ನಾಮಪತ್ರ ಹಿಂದಕ್ಕೆ ಪಡೆಯುವ ಕೆಲಸ ಬೇಗ ಮುಗಿಯಿತು. ಹೊರಗೆ ಬರುತ್ತಿದ್ದಂತೆ ದೊಡ್ಡ ಪಕ್ಷದವರು ಹಾರ ಹಿಡಿದು ಕಾಯುತ್ತಿದ್ದರು. ಫೋಟೋ ತೆಗೆದರು. ಸಂಜೆ ಬಾಗಲಕೋಟೆಯಲ್ಲಿ ಒಟ್ಟಿಗೆ ಸಭೆಯಿದೆ, ಕಾರು ತಯಾರಿದೆ, ಹತ್ತಿರಿ ಎಂದರು. ನಾನು ಅವಳ ಕಡೆ ನೋಡಿದೆ. ಅವಳು ಕೊರಳಿನ ಹಾರ ತೆಗೆದು ಕಚೇರಿಯ ಮೆಟ್ಟಿಲ ಮೇಲಿಟ್ಟು ಬಸ್ ನಿಲ್ದಾಣದ ಕಡೆ ನಡೆದಳು. ನಾನು ಕಾರು ಹತ್ತಿದೆ.

ಯಾರೂ ಎಳೆದು ಕೂಡಿಸಲಿಲ್ಲ. ಆ ಮನೆಗಳ ಮುಂದೆ ನಿಲ್ಲುವ ಧೈರ್ಯ ನನಗಿರಲಿಲ್ಲ, ಬಾಗಲಕೋಟೆಯ ಸಭೆ ಒಳ್ಳೆಯ ನೆಪವಾಯಿತು. ಆ ಸಂಜೆ ವೇದಿಕೆಯ ಮೇಲೆ ನಾನು ಗಂಟಲು ಹರಿಯುವಂತೆ ಮಾತಾಡಿದೆ. ಚಪ್ಪಾಳೆಯೂ ಬಿತ್ತು. ಇಳಕಲ್ಲಿನಲ್ಲಿ ಅವಳು ಒಬ್ಬಳೇ, ಉಡಿ ತುಂಬಿದ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ ಬಂದಳಂತೆ. ನನ್ನ ಮೇಲೆ ಒಂದು ಮಾತೂ ಹಾಕಲಿಲ್ಲವಂತೆ. “ನಾನ ಬಿಟ್ಟೇನ್ರಿ” ಎಂದಷ್ಟೇ ಹೇಳಿದಳಂತೆ. ಇದನ್ನು ಆಮೇಲೆ ನನಗೆ ಹೇಳಿದ್ದು ಅವಳ ಅತ್ತೆ, ಬಾಗಿಲು ಪೂರ್ತಿ ತೆಗೆಯದೆ.

ನಾಲ್ಕು ದಿನ ಬಿಟ್ಟು ನಾನೂ ಆ ಓಣಿಗೆ ಹೋಗಲೇಬೇಕಾಯಿತು. ಕೈಯಲ್ಲಿ ದೊಡ್ಡ ಪಕ್ಷದ ಕರಪತ್ರ, ಹೆಗಲ ಮೇಲೆ ನನ್ನ ಕೆಂಪು ಶಲ್ಯ. ವಿಭೂತಿಯ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ಕೂಡಿಸಿದಳು, ಸೊಸೆಗೆ ಹೇಳಿ ನೀರು ತರಿಸಿದಳು. ಬಯ್ಯುತ್ತಾಳೆಂದು ಕಾದೆ. ಕರಪತ್ರವನ್ನು ತೆಗೆದುಕೊಂಡು ಮಡಚಿ ಪಕ್ಕಕ್ಕಿಟ್ಟಳು.

“ಆಕಿ ತಾನ ಬಿಟ್ಟೇನಿ ಅಂತ ಹೇಳಿ ಹೋದ್ಳಪಾ,” ಎಂದಳು. “ಸುಳ್ಳ ಹೇಳಾಕ ಬರೂದಿಲ್ಲ ಆಕಿಗೆ. ನಿನಗ ಒಂದ ಕೇಳ್ತೇನಿ, ಖರೆ ಹೇಳು. ನಿಮ್ಮ ಮೀಟಿಂಗನ್ಯಾಗ ಯಾರರ ಆಕಿನ್ನ ಕರದು, ಏನವಾ, ಬಿಡ್ತೀಯೇನು ಅಂತ ಕೇಳಿದ್ರೇನು? ಹೋಗ್ಲಿ, ನೀನರ ಕೇಳಿದ್ಯೇನು?”

ನಾನು ಕೇಳಿರಲಿಲ್ಲ. ಹುನಗುಂದದ ಕಚೇರಿಯಲ್ಲಿ ಅವಳ ಪಕ್ಕ ನಿಂತು, ಸಹಿ ಎಲ್ಲಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದ್ದೆ.